ಆನೆ ಸವಾರಿಯ ತಿಂಗಳುಗಳು: ಮೃಗಾಲಯದ ಬೇಸಿಗೆ ಕೆಲಸದ ಚರಿತ್ರೆ

ಮೃಗಾಲಯದ ಬೇಸಿಗೆ ಕೆಲಸ ಹುಟ್ಟಿದ್ದು ಚಳಿ ದೇಶಗಳಲ್ಲಿ. ಅಲ್ಲಿ ನವೆಂಬರ್‌ನಿಂದ ಮಾರ್ಚ್‌ವರೆಗೆ ಮೃಗಾಲಯದ ಕಡೆ ಸುಳಿಯುವವರು ಕಡಿಮೆ. ಮೇ ಬಂತೆಂದರೆ ಬಾಗಿಲಲ್ಲಿ ಸಾಲು. ಪ್ರಾಣಿಗಳ ಹೊಟ್ಟೆಗೆ ಮಾತ್ರ ಈ ಲೆಕ್ಕವಿಲ್ಲ. ಸಿಂಹಕ್ಕೆ ಮಾಂಸ ಹಾಕುವ, ಆನೆಯ ಲದ್ದಿ ಬಳಿಯುವ ಕೆಲಸ ಹನ್ನೆರಡು ತಿಂಗಳೂ ಒಂದೇ ಸಮ. ಹೀಗಾಗಿ ಮೃಗಾಲಯಗಳಲ್ಲಿ ಮೊದಲಿನಿಂದಲೂ ಎರಡು ಬಗೆಯ ಕೆಲಸಗಾರರು. ಪ್ರಾಣಿಗಳನ್ನು ನೋಡಿಕೊಳ್ಳುವವರು ಕಾಯಂ, ಪ್ರಾಣಿ ನೋಡಲು ಬಂದವರನ್ನು ನೋಡಿಕೊಳ್ಳುವವರು ಹಂಗಾಮಿ. ಟಿಕೆಟ್ ಹರಿಯುವುದು, ಸವಾರಿ ಹತ್ತಿಸುವುದು, ತಿಂಡಿ ಮಾರುವುದು, ಮಕ್ಕಳನ್ನು ಸಾಲಾಗಿ ನಿಲ್ಲಿಸುವುದು ಹಂಗಾಮಿನವರ ಪಾಲು. ಈ ಎರಡು ಗುಂಪುಗಳ ನಡುವಿನ ಬಾಗಿಲು ತೆರೆಯಲು ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಇಂದಿಗೂ ಅದು ಪೂರ್ತಿ ತೆರೆದಿಲ್ಲ.

ಲಂಡನ್ನಿನ ಝೂವಾಲಾಜಿಕಲ್ ಸೊಸೈಟಿ ಸ್ಥಾಪನೆಯಾದದ್ದು 1826ರಲ್ಲಿ. ಎರಡು ವರ್ಷದ ನಂತರ, 1828ರ ಏಪ್ರಿಲ್‌ನಲ್ಲಿ, ರೀಜೆಂಟ್ಸ್ ಪಾರ್ಕಿನ ಒಂದು ಮೂಲೆಯಲ್ಲಿ ಅದರ ತೋಟ ತೆರೆಯಿತು. ಆಗ ಅದು ಸದಸ್ಯರಿಗೆ ಮತ್ತು ಸದಸ್ಯರ ಚೀಟಿ ತಂದವರಿಗೆ ಮಾತ್ರ. ಕಾವಲುಗಾರರಿಗೆ ಹಸಿರು ಕೋಟು, ಎತ್ತರದ ಟೋಪಿ; ನೋಡಿದರೆ ಶ್ರೀಮಂತರ ಮನೆಯ ಸೇವಕರಂತೆ. ಕರಡಿ ಗುಂಡಿಯ ಹತ್ತಿರ ಬನ್ನು ಮಾರುವವರು ಮೊದಲ ದಿನಗಳಲ್ಲೇ ಬಂದು ಕೂತರು. ನೋಡುಗರು ಬನ್ನನ್ನು ಕೋಲಿನ ತುದಿಗೆ ಚುಚ್ಚಿ, ಗುಂಡಿಯ ನಡುವಿನ ಕಂಬ ಹತ್ತಿ ಬಂದ ಕರಡಿಗೆ ಚಾಚುವುದು ಅಂದಿನ ದೊಡ್ಡ ವಿನೋದ. ಪ್ರಾಣಿಯಿಂದಾಗಿ ನಡೆಯುವ, ಆದರೆ ಪ್ರಾಣಿಯನ್ನು ಮುಟ್ಟದ ವ್ಯಾಪಾರ ಅದು. ಬೇಸಿಗೆ ಕೆಲಸದ ಬೇರು ಅಲ್ಲಿದೆ.

ಹಣ ಸಾಲದೆ ಸೊಸೈಟಿ 1847ರಲ್ಲಿ ಸಾಮಾನ್ಯರಿಗೂ ಬಾಗಿಲು ತೆರೆಯಿತು. ದರ ಒಂದು ಶಿಲ್ಲಿಂಗ್. ಮುಂದೆ ಸೋಮವಾರಗಳಂದು ಅರ್ಧಕ್ಕೆ ಇಳಿಯಿತು. 1850ರ ಮೇ ತಿಂಗಳಲ್ಲಿ ಈಜಿಪ್ಟಿನಿಂದ ಒಬೇಷ್ ಎಂಬ ನೀರಾನೆ ಮರಿ ಬಂತು. ಇಂಗ್ಲೆಂಡಿನವರು ಅಂಥ ಜೀವವನ್ನು ಅಲ್ಲಿಯವರೆಗೆ ಕಂಡಿರಲಿಲ್ಲ. ಆ ವರ್ಷ ನೋಡುಗರ ಸಂಖ್ಯೆ ಹಿಂದಿನ ವರ್ಷದ ದುಪ್ಪಟ್ಟಾಯಿತು. ನೀರಾನೆಯ ಜೊತೆಗೆ ಅದರ ಅರಬ್ ಪಾಲಕನೂ ಬಂದಿದ್ದ. ಅದೇ ಬೇಸಿಗೆಯಲ್ಲಿ ಅರಬ್ ಹಾವಾಡಿಗರ ಪ್ರದರ್ಶನವೂ ನಡೆಯಿತು. ಮರಿ ಪಾಲಕನನ್ನು ಬಿಟ್ಟಿರುತ್ತಿರಲಿಲ್ಲ, ಜನ ಇಬ್ಬರನ್ನೂ ನೋಡಲು ಮುಗಿಬೀಳುತ್ತಿದ್ದರು. ದೂರದೇಶದ ಪ್ರಾಣಿಯೊಂದಿಗೆ ದೂರದೇಶದ ಮನುಷ್ಯನನ್ನೂ ಪ್ರದರ್ಶನಕ್ಕೆ ಇಡುವ ಚಾಳಿ ಹೀಗೆ ಗಟ್ಟಿಯಾಯಿತು. ಅದರಲ್ಲಿ ಕೆಲಸ ಎಷ್ಟು, ತಮಾಷೆ ಎಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ.

1871ರ ಕಾಯ್ದೆ ಬ್ರಿಟನ್ನಿನ ದುಡಿಯುವ ಜನಕ್ಕೆ ಬ್ಯಾಂಕ್ ರಜೆಗಳನ್ನು ತಂದಿತು. ಈಸ್ಟರ್ ಸೋಮವಾರ, ವಿಟ್ ಸೋಮವಾರ, ಆಗಸ್ಟಿನ ಮೊದಲ ಸೋಮವಾರ ಲಂಡನ್ನಿನ ಮೃಗಾಲಯಕ್ಕೆ ಜಾತ್ರೆಯ ದಿನಗಳಾದವು. ಒಂದೇ ದಿನ ಹತ್ತಾರು ಸಾವಿರ ಜನ ಬಂದರೆ ಕಾಯಂ ನೌಕರರು ಏನೂ ಸಾಲರು. ಕೌಂಟರಿಗೆ, ಚಹಾ ಅಂಗಡಿಗೆ, ಹುಲ್ಲುಹಾಸಿನ ಮೇಲಿನ ಕಾಗದ ಹೆಕ್ಕುವುದಕ್ಕೆ ಹೊರಗಿನವರನ್ನು ಆಯಾ ದಿನಕ್ಕೆ, ಆಯಾ ತಿಂಗಳಿಗೆ ಕರೆಯುವುದು ರೂಢಿಯಾಯಿತು. 1938ರಲ್ಲಿ ಸಂಬಳ ಸಹಿತ ರಜೆಯ ಕಾಯ್ದೆ ಬಂದ ಮೇಲೆ ಬೇಸಿಗೆಯ ದಟ್ಟಣೆ ಕೆಲವೇ ಸೋಮವಾರಗಳಿಗೆ ನಿಲ್ಲದೆ ಜುಲೈ, ಆಗಸ್ಟ್ ಪೂರ್ತಿ ಹರಡಿಕೊಂಡಿತು.

ಬ್ಯಾಂಕ್ ರಜೆಗಳು ಬಂದ ಕಾಲದ ಬೇಸಿಗೆಯ ಮುಖ್ಯ ಆಕರ್ಷಣೆ ಆನೆ ಸವಾರಿ. ಪ್ಯಾರಿಸ್ಸಿನಿಂದ 1865ರಲ್ಲಿ ಬಂದ ಜಂಬೊ ಎಂಬ ಆಫ್ರಿಕದ ಆನೆ ಬೆಳೆದು ದೊಡ್ಡದಾದಂತೆ ಅದರ ಬೆನ್ನಿಗೆ ಬೆಂಚು ಕಟ್ಟಿ ಮಕ್ಕಳನ್ನು ಕೂರಿಸಿ ತೋಟದ ದಾರಿಗಳಲ್ಲಿ ತಿರುಗಿಸುತ್ತಿದ್ದರು. ಅದರ ಪಾಲಕ ಮ್ಯಾಥ್ಯೂ ಸ್ಕಾಟ್. ಸವಾರಿ ಮಾಡಿದವರು ಕೊಟ್ಟ ಕಾಸು ನೇರವಾಗಿ ಸ್ಕಾಟ್‌ನ ಕೈಗೆ ಹೋಗುತ್ತಿತ್ತು. ವಾರದ ಸಂಬಳ ಮೃಗಾಲಯದ್ದು, ಬೇಸಿಗೆಯ ಭಕ್ಷೀಸು ಆನೆಯದು ಎಂಬಂತಿದ್ದ ವ್ಯವಸ್ಥೆ. ಸಂಪಾದನೆ ಚೆನ್ನಾಗಿದ್ದುದರಿಂದ ಆನೆಯನ್ನು ಸ್ಕಾಟ್ ಬೇರೆ ಯಾರ ಕೈಗೂ ಬಿಡುತ್ತಿರಲಿಲ್ಲ; ಮೃಗಾಲಯದ ಮೇಲ್ವಿಚಾರಕ ಅಬ್ರಹಾಂ ಬಾರ್ಟ್ಲೆಟ್ ಜೊತೆ ಸದಾ ತಿಕ್ಕಾಟ. ಬಲಿತ ಗಂಡಾನೆ ಯಾವಾಗ ಕೆರಳುವುದೋ ಎಂಬ ಭಯದಿಂದ 1882ರಲ್ಲಿ ಜಂಬೊವನ್ನು ಅಮೆರಿಕದ ಸರ್ಕಸ್ ಮಾಲಿಕ ಪಿ.ಟಿ. ಬಾರ್ನಮ್‌ಗೆ 2,000 ಪೌಂಡಿಗೆ ಮಾರಿದರು. ಊರಿಗೆ ಊರೇ ಪ್ರತಿಭಟಿಸಿದರೂ ಮಾರಾಟ ನಿಲ್ಲಲಿಲ್ಲ. ಸ್ಕಾಟ್ ಕೂಡ ಆನೆಯ ಹಿಂದೆಯೇ ಹಡಗು ಹತ್ತಿದ. ಮೂರು ವರ್ಷದ ನಂತರ, 1885ರಲ್ಲಿ, ಕೆನಡಾದಲ್ಲಿ ರೈಲಿಗೆ ಸಿಕ್ಕಿ ಜಂಬೊ ಸತ್ತಿತು.

ಸವಾರಿ ಮಾತ್ರ ನಿಲ್ಲಲಿಲ್ಲ. ಆನೆ ನಡೆಸಲು ಭಾರತದಿಂದ, ಬರ್ಮಾದಿಂದ ಮಾವುತರನ್ನು ಕರೆಸುವುದು ಶುರುವಾಯಿತು. 1920ರ ದಶಕದಲ್ಲಿ ಕಲ್ಕತ್ತಾದ ಸೈಯದ್ ಅಲಿ ಬೇಸಿಗೆಯಲ್ಲಿ ಲಂಡನ್ನಿಗೆ ಬಂದು ಸವಾರಿಯ ಆನೆಗಳನ್ನು ನಡೆಸಿ, ಚಳಿಗಾಲಕ್ಕೆ ಊರಿಗೆ ಮರಳುತ್ತಿದ್ದ. ಮೃಗಾಲಯದ ಬೇಸಿಗೆ ಕೆಲಸ ಎಂದರೆ ಇದಕ್ಕಿಂತ ಅಪ್ಪಟವಾದ ಉದಾಹರಣೆ ಸಿಗದು: ಹಂಗಾಮಿಗೆ ತಕ್ಕಂತೆ ಸಮುದ್ರ ದಾಟಿ ಬಂದು ಹೋಗುವ ಕೆಲಸಗಾರ. 1926ರಲ್ಲಿ ಬರ್ಮಾದಿಂದ ಬಿಳಿ ಆನೆಯೊಂದರ ಜೊತೆ ಸಾನ್ ದ್ವೆ ಎಂಬ ಕರೆನ್ ಜನಾಂಗದ ಯುವಕ ಬಂದ. ಆನೆ ಹಿಂದಿರುಗಿದ ಮೇಲೂ ಆತ ಲಂಡನ್ನಿನಲ್ಲಿ ಉಳಿದುಕೊಂಡ. ಇಬ್ಬರಿಗೂ ಟೇಪಿರ್ ಮನೆಯ ಮೇಲಿನ ಕೋಣೆಯಲ್ಲಿ ವಾಸ. 1928ರ ಆಗಸ್ಟ್ 24ರ ರಾತ್ರಿ ಸೈಯದ್ ಅಲಿ ಅಲ್ಲಿಯೇ ಕೊಲೆಯಾದ. ನ್ಯಾಯಾಲಯ ಸಾನ್ ದ್ವೆಗೆ ಮರಣದಂಡನೆ ವಿಧಿಸಿತು. ಅದು ಮುಂದೆ ಜೀವಾವಧಿಗೆ ಇಳಿಯಿತು. ಕೆಲವು ವರ್ಷಗಳ ನಂತರ ಆತನನ್ನು ಬಿಡುಗಡೆ ಮಾಡಿ ಬರ್ಮಾಕ್ಕೆ ಕಳಿಸಿದರು. ಸವಾರಿಯ ಸಂಪಾದನೆ ಮೇಲಿನ ಅಸೂಯೆಯೇ ಕಾರಣ ಎಂದು ಆಗಿನವರು ಬಗೆದರು. ಪತ್ರಿಕೆಗಳು ಇದನ್ನು ಪೂರ್ವದೇಶದ ವಿಚಿತ್ರ ಕಥೆಯೆಂಬಂತೆ ಬರೆದವು. ಆದರೆ ಒಂದೇ ಹಂಗಾಮಿನ ಭಕ್ಷೀಸಿನ ಮೇಲೆ ಇಬ್ಬರ ಬದುಕು ನಿಂತಿತ್ತು ಎಂಬುದು ಅದರಲ್ಲಿ ವಿಚಿತ್ರವೇನೂ ಅಲ್ಲದ ಸಂಗತಿ.

ಆನೆ, ಒಂಟೆ, ಲಾಮಾ ಬಂಡಿಗಳ ಜೊತೆಗೆ 1926ರಿಂದ ಚಿಂಪಾಂಜಿಗಳ ಚಹಾಕೂಟ ಸೇರಿಕೊಂಡಿತು. ಮೇಜು, ಬಟ್ಟಲು, ಬಿಸ್ಕತ್ತು ಇಟ್ಟು, ಚಿಂಪಾಂಜಿ ಮರಿಗಳನ್ನು ಕುರ್ಚಿಯ ಮೇಲೆ ಕೂರಿಸಿ ನಡೆಸುತ್ತಿದ್ದ ಈ ಆಟ ಬೇಸಿಗೆ ಮಧ್ಯಾಹ್ನಗಳ ನಿತ್ಯ ಕಾರ್ಯಕ್ರಮವಾಯಿತು, 1972ರಲ್ಲಿ ನಿಂತಿತು. ಮರಿಗಳು ಬೇಗ ಬಟ್ಟಲು ಹಿಡಿಯುವುದನ್ನು ಕಲಿತುಬಿಡುತ್ತಿದ್ದವು. ನೋಡುಗರಿಗೆ ಬೇಕಾದದ್ದು ಗಲಾಟೆ; ಆದ್ದರಿಂದ ಮರಿಗಳು ಶಿಸ್ತು ಮೀರುವಂತೆ ನೋಡಿಕೊಳ್ಳುವುದೂ ಪಾಲಕರ ಕೆಲಸದ ಭಾಗವಾಗಿತ್ತು.

ಹೊರಗಿನವರನ್ನು ಪ್ರಾಣಿಗಳ ಹತ್ತಿರ ಬಿಡದಿರುವುದಕ್ಕೆ ಕಾಯಂ ನೌಕರರ ಬಳಿ ಕಾರಣವಿತ್ತು. 1852ರ ಅಕ್ಟೋಬರಿನಲ್ಲಿ ಎಡ್ವರ್ಡ್ ಗರ್ಲಿಂಗ್ ಎಂಬ ಪಾಲಕ ರಾತ್ರಿಯಿಡೀ ಕುಡಿದು, ಬೆಳಿಗ್ಗೆ ನಾಗರಹಾವನ್ನು ಗೂಡಿನಿಂದ ತೆಗೆದು ಆಡಿಸಲು ಹೋಗಿ ಮೂಗಿಗೆ ಕಚ್ಚಿಸಿಕೊಂಡು ಸತ್ತ. ಹಾವು ಮನೆಯಲ್ಲೇ ಕೆಲಸ ಮಾಡುವವನ ಗತಿ ಹೀಗಾದರೆ ಎರಡು ತಿಂಗಳಿಗೆ ಬಂದವನ ಗತಿಯೇನು ಎಂಬ ವಾದವನ್ನು ತಳ್ಳಿಹಾಕುವಂತಿರಲಿಲ್ಲ. ಆದರೆ ಭಯದ ಹಿಂದೆ ಹೊಟ್ಟೆಪಾಡೂ ಇತ್ತು. ಪಾಲಕನ ಕೆಲಸ ಕಂಡು ಕಲಿಯುವಂಥದು. ಹುಡುಗನಾಗಿ ಸೇರಿ, ಗುಡಿಸಿ, ಬಕೆಟ್ ಹೊತ್ತು, ವರ್ಷಗಟ್ಟಲೆ ಕಾದು ಒಂದೊಂದೇ ಮೆಟ್ಟಿಲು ಏರಬೇಕು. ಅಪ್ಪನ ಹಿಂದೆ ಮಗ, ಅಣ್ಣನ ಹಿಂದೆ ತಮ್ಮ ಬರುತ್ತಿದ್ದ ಕಸುಬು ಅದು. ಯಾವ ಪ್ರಾಣಿ ಎಂದು ಮೇವು ಬಿಡುತ್ತದೆ, ಯಾವುದರ ಬೆನ್ನ ಹಿಂದೆ ನಿಲ್ಲಬಾರದು ಎಂಬುದು ಪುಸ್ತಕದಲ್ಲಿರಲಿಲ್ಲ. ಇದ್ದ ತಿಳಿವನ್ನು ಸುಲಭಕ್ಕೆ ಯಾರೂ ಹಂಚುತ್ತಿರಲೂ ಇಲ್ಲ.

ಈ ಗೋಡೆಯಲ್ಲಿ ಮೊದಲ ಕಿಂಡಿ ತೆರೆದದ್ದು ಮಕ್ಕಳ ಮೃಗಾಲಯ. ಜೂಲಿಯನ್ ಹಕ್ಸ್‌ಲಿ 1935ರಲ್ಲಿ ಸೊಸೈಟಿಯ ಕಾರ್ಯದರ್ಶಿಯಾದ ಕಾಲಕ್ಕೆ ಲಂಡನ್ನಿನಲ್ಲಿ ಸಾಕುಪ್ರಾಣಿಗಳ ಮೂಲೆ ಬಂತು. ಅಮೆರಿಕದ ಫಿಲಡೆಲ್ಫಿಯಾದಲ್ಲಿ 1938ರಲ್ಲಿ, ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ 1941ರಲ್ಲಿ ಮಕ್ಕಳ ಮೃಗಾಲಯಗಳು ತೆರೆದವು. ಆಡು, ಮೊಲ, ಬಾತು, ಕತ್ತೆಮರಿಗಳನ್ನು ಮಕ್ಕಳು ಮುಟ್ಟಬಹುದು. ಹುಲಿ ಪಾಲಕನ ಅನುಭವ ಇಲ್ಲಿ ಬೇಕಿರಲಿಲ್ಲ. ಬೇಕಾದದ್ದು ಮಕ್ಕಳನ್ನೂ ಆಡನ್ನೂ ಏಕಕಾಲಕ್ಕೆ ಸಂಭಾಳಿಸುವ ತಾಳ್ಮೆ. ಹೀಗೆ ಕಾಲೇಜು ವಿದ್ಯಾರ್ಥಿಗಳಿಗೆ, ಅದರಲ್ಲೂ ಯುವತಿಯರಿಗೆ, ಬೇಸಿಗೆಯ ಎರಡು ಮೂರು ತಿಂಗಳು ಪ್ರಾಣಿಗಳ ಹತ್ತಿರ ಕೆಲಸ ಸಿಗುವ ಜಾಗ ಹುಟ್ಟಿತು. ಅದಕ್ಕೂ ಮೊದಲು ಹೆಂಗಸರು ಮೃಗಾಲಯದೊಳಗೆ ಹೋಗುತ್ತಿದ್ದ ದಾರಿ ಕಚೇರಿಯದು. ಸ್ಯಾನ್ ಡಿಯಾಗೋದ ಬೆಲ್ ಬೆಂಚ್ಲಿ 1925ರಲ್ಲಿ ಲೆಕ್ಕಪತ್ರದ ಗುಮಾಸ್ತೆಯಾಗಿ ಸೇರಿ, ಎರಡೇ ವರ್ಷದಲ್ಲಿ ಇಡೀ ಮೃಗಾಲಯವನ್ನು ನಡೆಸುವಷ್ಟು ಮೇಲೇರಿದರು. ಅದೊಂದು ಅಪವಾದ.

ಅಮೆರಿಕದಲ್ಲಿ ಈ ಕೆಲಸದ ಚರಿತ್ರೆಗೆ ಇನ್ನೊಂದು ಎಳೆಯಿದೆ: ಸರ್ಕಸ್. ಸರ್ಕಸ್ಸಿನ ಹಂಗಾಮು ಬೇಸಿಗೆ; ಚಳಿಗಾಲದಲ್ಲಿ ಗುಡಾರ ಮಡಚಿ ಪ್ರಾಣಿಗಳಿಗೆ ಬೆಚ್ಚನೆಯ ಜಾಗ ಹುಡುಕಬೇಕು. ಬಾರ್ನಮ್‌ನ ಪ್ರಾಣಿಗಳು ಚಳಿಗಾಲದಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನ ಪ್ರಾಣಿಶಾಲೆಯಲ್ಲಿ ತಂಗುತ್ತಿದ್ದುದುಂಟು. ಪ್ರಾಣಿಗಳಂತೆಯೇ ಜನವೂ ಅಲ್ಲಿಂದಿಲ್ಲಿಗೆ ಬರುತ್ತಿದ್ದರು. ವಾಷಿಂಗ್ಟನ್ನಿನ ರಾಷ್ಟ್ರೀಯ ಮೃಗಾಲಯದ ಮೊದಲ ಮುಖ್ಯ ಪಾಲಕ ವಿಲಿಯಂ ಬ್ಲ್ಯಾಕ್‌ಬರ್ನ್ ಸರ್ಕಸ್ಸಿನಿಂದ ಬಂದವರೇ. ಆ ಮೃಗಾಲಯದ ಯೋಜನೆಯ ಹಿಂದಿದ್ದ, ಮುಂದೆ 1899ರಲ್ಲಿ ತೆರೆದ ಬ್ರಾಂಕ್ಸ್ ಮೃಗಾಲಯದ ಮೊದಲ ನಿರ್ದೇಶಕನಾದ ವಿಲಿಯಂ ಹಾರ್ನಡೆ, 1870ರ ದಶಕದಲ್ಲಿ ದಕ್ಷಿಣ ಭಾರತದ ಆನೈಮಲೈ ಕಾಡುಗಳಲ್ಲಿ ಪ್ರಾಣಿಗಳನ್ನು ಬೇಟೆಯಾಡಿ ಸಂಗ್ರಹಿಸುತ್ತ ತಿರುಗಿದ್ದ ಮನುಷ್ಯ.

1930ರ ದಶಕದ ಆರ್ಥಿಕ ಕುಸಿತದಲ್ಲಿ ಅಮೆರಿಕದ ಮೃಗಾಲಯಗಳಲ್ಲಿ ಹಂಗಾಮಿ ಕೆಲಸಗಾರರ ದೊಡ್ಡ ಪಡೆಯೇ ಕಾಣಿಸಿತು, ಬೇರೆ ಕಾರಣಕ್ಕೆ. ನಿರುದ್ಯೋಗಿಗಳಿಗೆ ಸರ್ಕಾರ ಕೊಟ್ಟ ಪರಿಹಾರ ಕಾಮಗಾರಿಗಳಲ್ಲಿ ಮೃಗಾಲಯಗಳೂ ಸೇರಿದ್ದವು. ಸೆಂಟ್ರಲ್ ಪಾರ್ಕಿನ ಮೃಗಾಲಯ 1934ರಲ್ಲಿ ಹೀಗೆಯೇ ಹೊಸದಾಗಿ ಎದ್ದಿತು. ಒಹಾಯೊದ ಟೊಲೆಡೊ ಮೃಗಾಲಯದ ಕಲ್ಲಿನ ಕಟ್ಟಡಗಳನ್ನು ಇಂದಿಗೂ ನೋಡಬಹುದು. ಅವನ್ನು ಕಟ್ಟಿದವರಿಗೆ ಪ್ರಾಣಿಗಳ ಗೊಡವೆ ಇರಲಿಲ್ಲ. ಕೂಲಿ ಸಿಕ್ಕಿತು, ಕಟ್ಟಿದರು.

ಅದೇ ದಶಕದ ಕೊನೆಗೆ ಬಂದ 1938ರ ಕಾರ್ಮಿಕ ಕಾಯ್ದೆ ವಿದ್ಯಾರ್ಥಿಗಳ ಬೇಸಿಗೆ ಕೆಲಸಕ್ಕೆ ಇಂದಿನ ರೂಪ ಕೊಟ್ಟಿತು. ಈ ಕಾಯ್ದೆ ಮತ್ತು ಅದರ ನಿಯಮಗಳ ಪ್ರಕಾರ ಹದಿನಾಲ್ಕು, ಹದಿನೈದರ ಮಕ್ಕಳು ಶಾಲೆ ನಡೆಯುವಾಗ ದಿನಕ್ಕೆ 3 ಗಂಟೆ, ರಜೆಯಲ್ಲಿ ದಿನಕ್ಕೆ 8 ಗಂಟೆ ಹಾಗೂ ವಾರಕ್ಕೆ 40 ಗಂಟೆ ಮೀರಿ ದುಡಿಯುವಂತಿಲ್ಲ. ಸಂಜೆ 7ಕ್ಕೆ ನಿಲ್ಲಬೇಕಾದ ಕೆಲಸ ಜೂನ್ 1ರಿಂದ ಸೆಪ್ಟೆಂಬರಿನ ಕಾರ್ಮಿಕ ದಿನದವರೆಗೆ ಮಾತ್ರ ರಾತ್ರಿ 9ರವರೆಗೆ ನಡೆಯಬಹುದು. ಹದಿನೆಂಟು ತುಂಬದವರಿಗೆ ಅಪಾಯದ ಕೆಲಸ ನಿಷಿದ್ಧ. ಇನ್ನೊಂದು ಕಡೆ, 1960ರ ದಶಕದಿಂದ ಹಂಗಾಮಿ ಮನರಂಜನೆ ಸಂಸ್ಥೆಗಳಿಗೆ ಕನಿಷ್ಠ ಕೂಲಿಯ ಕಟ್ಟಿನಿಂದ ವಿನಾಯಿತಿ ಸಿಕ್ಕಿತು: ವರ್ಷದಲ್ಲಿ ಏಳು ತಿಂಗಳಿಗಿಂತ ಹೆಚ್ಚು ತೆರೆಯದ, ಇಲ್ಲವೇ ಆರು ತಿಂಗಳ ಸರಾಸರಿ ವರಮಾನ ಉಳಿದ ಆರು ತಿಂಗಳ ಸರಾಸರಿಯ ಮೂರನೇ ಒಂದು ಭಾಗವನ್ನು ಮೀರದ ಸಂಸ್ಥೆಗಳಿಗೆ ಅದು ಅನ್ವಯ. ಮಕ್ಕಳಿಗೆ ರಕ್ಷಣೆ, ಮಾಲಿಕನಿಗೆ ಸಡಿಲಿಕೆ. ಬೇಸಿಗೆ ಕೆಲಸದ ಕಾನೂನು ಈ ಎರಡರ ನಡುವೆ ನಿಂತಿದೆ.

ಎರಡನೆಯ ಮಹಾಯುದ್ಧದ ನಂತರದ ಎರಡು ದಶಕ ಈ ಕೆಲಸದ ಹುಲುಸಾದ ಕಾಲ. ಕಾರು ಕೊಂಡ ಕುಟುಂಬಗಳು ರಜೆಯಲ್ಲಿ ಮೃಗಾಲಯಕ್ಕೆ ಹೊರಟವು. ಲಂಡನ್ನಿನಲ್ಲಿ 1950ರಲ್ಲಿ ನೋಡುಗರ ಸಂಖ್ಯೆ 30 ಲಕ್ಷ ದಾಟಿತು. ಕಾರಣ ಬ್ರೂಮಸ್ ಎಂಬ ಹಿಮಕರಡಿ ಮರಿ. ಬ್ರೂಸ್, ಸ್ಯಾಮ್ ಎಂಬ ಇಬ್ಬರು ಪಾಲಕರ ಹೆಸರು ಬೆಸೆದು ಮರಿಗೆ ಇಟ್ಟಿದ್ದರು. ಡೆಟ್ರಾಯಿಟ್‌ನಂಥ ಕಡೆ 1931ರಿಂದಲೇ ಪುಟಾಣಿ ರೈಲು ಓಡುತ್ತಿತ್ತು. ಸೇಂಟ್ ಲೂಯಿಸ್‌ನಲ್ಲಿ ಚಿಂಪಾಂಜಿ, ಆನೆ, ಸಿಂಹಗಳ ಬೇಸಿಗೆ ಪ್ರದರ್ಶನ ಹೆಸರುವಾಸಿ. ರೈಲಿಗೆ ಟಿಕೆಟ್ ಕೊಡುವವರು, ತಿರುಗುವ ಕುದುರೆಗಳ ಸನ್ನೆಗೋಲು ಎಳೆಯುವವರು, ಐಸ್‌ಕ್ರೀಮ್ ಗಾಡಿಯವರು, ಬೆಳಗಿನ ಜಾವ ದಾರಿ ತೊಳೆಯುವವರು ಎಲ್ಲ ಹೈಸ್ಕೂಲು ಕಾಲೇಜುಗಳ ಹುಡುಗ ಹುಡುಗಿಯರು. ಅವರಲ್ಲಿ ಹೆಚ್ಚಿನವರು ಒಂದೆರಡು ಬೇಸಿಗೆ ದುಡಿದು ಬೇರೆ ದಾರಿ ಹಿಡಿದರು. ಕೆಲವರು ಮಾತ್ರ ಊಟದ ಬಿಡುವಿನಲ್ಲಿ ಆನೆ ಮನೆಯ ಹಿಂಬಾಗಿಲಿಗೆ ಹೋಗಿ ನಿಂತರು. ದಿನಾ ಬಂದು ನಿಲ್ಲುವವರ ಕೈಗೆ ಒಂದು ದಿನ ಪಾಲಕರೇ ಪೊರಕೆ ಕೊಡುತ್ತಿದ್ದರು. ಒಳಗೆ ಹೋಗುವ ದಾರಿ ಅದೇ ಆಗಿತ್ತು.

ಲಂಡನ್ ಸೊಸೈಟಿಯ ಹಳ್ಳಿಗಾಡಿನ ಶಾಖೆ ವಿಪ್ಸ್‌ನೇಡ್ 1931ರ ಮೇ ತಿಂಗಳಲ್ಲಿ, ವಿಟ್ ರಜೆಗೆ ಸರಿಯಾಗಿ ತೆರೆದಿತ್ತು. ಅಲ್ಲಿ 1945ರಲ್ಲಿ ವಿದ್ಯಾರ್ಥಿ ಪಾಲಕನಾಗಿ ಸೇರಿದ ಇಪ್ಪತ್ತರ ಜೆರಾಲ್ಡ್ ಡರೆಲ್, ಆ ದಿನಗಳ ಬಗ್ಗೆ 1973ರಲ್ಲಿ ಇಡೀ ಪುಸ್ತಕ ಬರೆದರು. ಅವರ ಸಹೋದ್ಯೋಗಿಗಳಲ್ಲಿ ಅನೇಕರು ಸುತ್ತಲಿನ ಹಳ್ಳಿಗಳವರು. ಅವರಿಗೆ ಅದು ಹೊಲದ ಕೆಲಸಕ್ಕೆ ಬದಲಾಗಿ ಸಿಕ್ಕ ಮತ್ತೊಂದು ಕೆಲಸ. ಪ್ರಾಣಿಗಳ ಹುಚ್ಚು ಹಿಡಿದ ಡರೆಲ್ ಅಲ್ಲಿ ವಿಶೇಷ ವ್ಯಕ್ತಿ. ಮುಂದಿನ ಒಂದು ತಲೆಮಾರಿನಲ್ಲಿ ಈ ಲೆಕ್ಕ ತಿರುಗುಮುರುಗಾಯಿತು. ಹುಚ್ಚು ಹಿಡಿದವರೇ ಹೆಚ್ಚಾದರು, ಕೆಲಸ ಕಡಿಮೆಯಾಯಿತು.

ಅಮೆರಿಕದ ಪಾಲಕರು 1967ರಲ್ಲಿ ಸ್ಯಾನ್ ಡಿಯಾಗೋದಲ್ಲಿ ತಮ್ಮದೇ ಸಂಘ ಕಟ್ಟಿದರು. 1970ರಲ್ಲಿ ಫ್ಲಾರಿಡಾದ ಗೇನ್ಸ್‌ವಿಲ್‌ನ ಕಾಲೇಜೊಂದು ಮೃಗಾಲಯ ಕೆಲಸಕ್ಕೆಂದೇ ಪಾಠಕ್ರಮ ತೆರೆಯಿತು. ಕೆಲವೇ ವರ್ಷಗಳಲ್ಲಿ ಕ್ಯಾಲಿಫೋರ್ನಿಯಾದ ಮೂರ್‌ಪಾರ್ಕ್ ಕಾಲೇಜೂ ತೆರೆಯಿತು. ಎರಡರ ಆವರಣದಲ್ಲೂ ವಿದ್ಯಾರ್ಥಿಗಳೇ ನೋಡಿಕೊಳ್ಳುವ ಪುಟ್ಟ ಮೃಗಾಲಯಗಳಿವೆ. ಪದವಿಯಿಲ್ಲದೆ ಪಾಲಕನಾಗುವ ಕಾಲ ನಿಧಾನಕ್ಕೆ ಮುಗಿಯಿತು. ಬೇಸಿಗೆ ಕೆಲಸವೂ ಅದರ ಜೊತೆಗೆ ಎರಡಾಗಿ ಒಡೆಯಿತು. ಕೌಂಟರು, ಕ್ಯಾಂಟೀನು, ಮಕ್ಕಳ ಶಿಬಿರ, ಜಿರಾಫೆಗೆ ಸೊಪ್ಪು ತಿನ್ನಿಸುವ ಕಟ್ಟೆಯ ಕೆಲಸಕ್ಕೆ ಗಂಟೆಯ ಲೆಕ್ಕದಲ್ಲಿ ಕೂಲಿ; ಪ್ರಾಣಿ ವಿಭಾಗದ ಕೆಲಸ ಮಾತ್ರ ಇಂಟರ್ನ್‌ಶಿಪ್ ಎಂಬ ಹೆಸರಿನಲ್ಲಿ ಬಹಳ ಕಡೆ ಪುಕ್ಕಟೆ. ಬಿಸಿಲಲ್ಲಿ ಪಾಪ್‌ಕಾರ್ನ್ ಮಾರುವವರಿಗೆ ಸಂಬಳ ಇದೆ, ಒಳಗೆ ಹಣ್ಣು ಹೆಚ್ಚಿ ಕೊಟ್ಟಿಗೆ ತೊಳೆಯುವವರಿಗೆ ಇಲ್ಲ. ಮೂರು ತಿಂಗಳು ಸಂಬಳವಿಲ್ಲದೆ ದೂರದೂರಿನಲ್ಲಿ ಇರಬಲ್ಲವರಿಗಷ್ಟೇ ಮುಂದಿನ ಕಾಯಂ ಕೆಲಸದ ದಾರಿ ತೆರೆದಿದ್ದರೆ ಅದು ನ್ಯಾಯವಲ್ಲ. ಈ ಮಾತನ್ನು ಪಾಲಕರ ವಲಯದವರೇ ಆಡತೊಡಗಿದ ಮೇಲೆ ಕೆಲವು ಸಂಸ್ಥೆಗಳು ಭತ್ಯೆ ಕೊಡಲು ಶುರುಮಾಡಿವೆ.

ಕೆಲಸ ಹುಡುಕುವ ಕ್ರಮವೂ ಬದಲಾಗಿದೆ. ಹಿಂದೆ ರಜೆ ಶುರುವಾದ ಮೇಲೆ ಬಾಗಿಲಿಗೆ ಹೋಗಿ ಕೇಳಿದರೆ ನಡೆಯುತ್ತಿತ್ತು. ಈಗ ಜೂನ್ ತಿಂಗಳ ಕೆಲಸಕ್ಕೆ ಅರ್ಜಿ ಕರೆಯುವುದು ಸಾಮಾನ್ಯವಾಗಿ ಜನವರಿಯಿಂದ ಮಾರ್ಚ್ ಒಳಗೆ. ಕೋತಿ, ಚಿಂಪಾಂಜಿಗಳ ಬಳಿ ಕೆಲಸ ಮಾಡುವವರು ಕ್ಷಯದ ಪರೀಕ್ಷೆ ಮಾಡಿಸಿಕೊಂಡಿರಬೇಕು, ಏಕೆಂದರೆ ಆ ರೋಗ ಮನುಷ್ಯರಿಂದ ಅವಕ್ಕೂ, ಅವುಗಳಿಂದ ಮನುಷ್ಯರಿಗೂ ಹರಡುತ್ತದೆ. ಅಮೆರಿಕದಲ್ಲಿ ಓದುತ್ತಿರುವ ಕನ್ನಡದ ವಿದ್ಯಾರ್ಥಿಗಳಿಗೆ ಇನ್ನೊಂದು ತೊಡಕಿದೆ: ವಿದ್ಯಾರ್ಥಿ ವೀಸಾದ ಮೇಲೆ ವಿಶ್ವವಿದ್ಯಾಲಯದ ಹೊರಗೆ ದುಡಿಯಲು ಅನುಮತಿ ಬೇಕು, ಸಾಮಾನ್ಯವಾಗಿ ಅದು ಸಿಗುವುದು ಓದಿನ ವಿಷಯಕ್ಕೆ ಸಂಬಂಧಪಟ್ಟ ತರಬೇತಿಗೆ. ಪಶುವೈದ್ಯ, ಪ್ರಾಣಿಶಾಸ್ತ್ರದವರಿಗೆ ದಾರಿಯುಂಟು, ಐಸ್‌ಕ್ರೀಮ್ ಗಾಡಿಗೆ ಇಲ್ಲ.

ಕರ್ನಾಟಕದಲ್ಲಿ ಈ ಕಥೆ ಬೇರೆ ಜಾಡಿನದು. ಮೈಸೂರಿನ ಮೃಗಾಲಯವನ್ನು 1892ರಲ್ಲಿ ಹತ್ತನೆಯ ಚಾಮರಾಜೇಂದ್ರ ಒಡೆಯರು ಅರಮನೆಯ ಸೇರಿಕೆಯಾಗಿ ಕಟ್ಟಿಸಿದರು. ತೋಟವನ್ನು ರೂಪಿಸಿದವರು ಜರ್ಮನಿಯ ಜಿ.ಎಚ್. ಕ್ರುಂಬೀಗಲ್. 1909ರಲ್ಲಿ ಅದಕ್ಕೆ ಚಾಮರಾಜೇಂದ್ರರ ಹೆಸರು ಬಂತು. 1948ರಲ್ಲಿ ಮೈಸೂರು ಸರ್ಕಾರದ ತೋಟಗಾರಿಕೆಯವರ ಕೈಗೆ, 1972ರಲ್ಲಿ ಅರಣ್ಯ ಇಲಾಖೆಗೆ, 1979ರಲ್ಲಿ ಕರ್ನಾಟಕ ಮೃಗಾಲಯ ಪ್ರಾಧಿಕಾರಕ್ಕೆ ಅದು ಸೇರಿತು. ಇಲ್ಲಿ ಚಳಿಗೆ ಬಾಗಿಲು ಮುಚ್ಚುವ ಪ್ರಶ್ನೆಯಿಲ್ಲ. ಜನ ಕಿಕ್ಕಿರಿಯುವುದು ದಸರೆಯಲ್ಲಿ, ವರ್ಷಾಂತ್ಯದ ರಜೆಯಲ್ಲಿ ಮತ್ತು ಏಪ್ರಿಲ್–ಮೇ ತಿಂಗಳ ಶಾಲಾ ರಜೆಯಲ್ಲಿ. ಮಂಗಳವಾರ ವಾರದ ರಜೆಯಾದರೂ ಹಬ್ಬ, ರಜೆಗಳ ದಿನಗಳಲ್ಲಿ ಮಂಗಳವಾರವೂ ತೆರೆಯುವುದುಂಟು. ಮೈಸೂರಿನಲ್ಲಿ ಬೇಸಿಗೆ ಕೆಲಸ ಹೆಚ್ಚುವುದು ಪ್ರಾಣಿಗಳ ಕಡೆಯಿಂದಲೇ: ಆನೆಗಳಿಗೆ ನೀರಿನ ತುಂತುರು, ಕರಡಿ, ಚಿಂಪಾಂಜಿಗಳಿಗೆ ಕಲ್ಲಂಗಡಿ, ಸೌತೆಕಾಯಿ, ಹಣ್ಣು ಸೇರಿಸಿ ಹೆಪ್ಪುಗಟ್ಟಿಸಿದ ಮಂಜುಗಡ್ಡೆ. ಅದನ್ನೆಲ್ಲ ಮಾಡುವವರು ಕಾಯಂ ಪಾಲಕರು ಮತ್ತು ದಿನಗೂಲಿಯವರು. ಮಾವುತ, ಕಾವಾಡಿಗಳ ಕೆಲಸ ಇಲ್ಲೂ ತಲೆಮಾರಿನಿಂದ ತಲೆಮಾರಿಗೆ ಹರಿದುಬಂದದ್ದು.

ವಿದ್ಯಾರ್ಥಿಗೆ ರಜೆಯಲ್ಲಿ ಕೂಲಿ ಕೊಟ್ಟು ಇಟ್ಟುಕೊಳ್ಳುವ ಪದ್ಧತಿ ಇಲ್ಲಿ ಬೆಳೆಯಲಿಲ್ಲ. ರಜೆಯಲ್ಲಿ ದುಡಿಯುವುದು ಓದುವ ಮಕ್ಕಳಿಗೆ ತಕ್ಕುದಲ್ಲ ಎಂಬ ಮಧ್ಯಮ ವರ್ಗದ ಭಾವನೆ ಒಂದು ಕಾರಣ. ಅಂಥ ಕೆಲಸಕ್ಕೆ ದಿನಗೂಲಿಯವರು ಸುಲಭವಾಗಿ ಸಿಗುವುದು ಇನ್ನೊಂದು. ಅದರ ಜಾಗದಲ್ಲಿ ಬಂದದ್ದು ಶಿಬಿರ. ಮೈಸೂರು ಮೃಗಾಲಯ ನಡೆಸುವ ಬೇಸಿಗೆ ಶಿಬಿರದಲ್ಲಿ, ಯೂತ್ ಕ್ಲಬ್ಬಿನಲ್ಲಿ ಹುಡುಗರು ಪ್ರಾಣಿಗಳ ಅಡುಗೆಮನೆ ನೋಡುತ್ತಾರೆ, ಪಾಲಕರ ಮಾತು ಕೇಳುತ್ತಾರೆ, ಹಾವು ಹಕ್ಕಿಗಳ ಬಗ್ಗೆ ತಿಳಿಯುತ್ತಾರೆ. ಲಂಡನ್ನಿನಲ್ಲಿ, ಫಿಲಡೆಲ್ಫಿಯಾದಲ್ಲಿ ಬೇಸಿಗೆ ಕೆಲಸಕ್ಕೆ ಬಂದವರು ಕೂಲಿ ಪಡೆದು ಹೋದರು. ಮೈಸೂರಿನಲ್ಲಿ ಬೇಸಿಗೆಗೆ ಬರುವವರು ಪ್ರಮಾಣಪತ್ರ ಪಡೆದು ಹೋಗುತ್ತಾರೆ.